ಶ್ರಾವಣದಲ್ಲಿ ಇಲ್ಲದ ನೋವು

ಪಟಾನ್‌ಚೆರು ರಸ್ತೆಯಲ್ಲಿ ಅಪ್ಪ ಕೆಲಸ ಮಾಡುವ ಸರ್ಕಾರಿ ಕಾರ್ಖಾನೆ ಇದೆ. ಅದರ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ನಮ್ಮ ಎರಡು ಕೋಣೆಯ ಮನೆ. ತಿಂಗಳ ಸ್ರಾವ ಶುರುವಾದರೆ ನಾನು ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಕೂಡಬೇಕು. ನಮ್ಮ ಕಡೆ ಇದಕ್ಕೆ ಹೊರಗಾಗುವುದು ಎನ್ನುತ್ತಾರೆ. ಒಂದು ಚಾಪೆ, ಒಂದು ಹಳೆಯ ಕೌದಿ, ನನ್ನದೇ ಬೇರೆ ತಟ್ಟೆ ಮತ್ತು ಲೋಟ. ಅವ್ವ ಹೊಸ್ತಿಲ ಒಳಗೆ ನಿಂತು ರೊಟ್ಟಿಯನ್ನು ಮೇಲಿನಿಂದ ತಟ್ಟೆಗೆ ಬಿಡುತ್ತಿದ್ದಳು, ನೀರನ್ನೂ ಹಾಗೆಯೇ ಹೊಯ್ಯುತ್ತಿದ್ದಳು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಪ್ರವೇಶ. ರಾಯಚೂರಿನ ಕಡೆಯ ನಮ್ಮ ಊರಿನಲ್ಲಿ ಇದಕ್ಕೆಂದೇ ಹಿತ್ತಿಲಲ್ಲೊಂದು ಕೋಣೆ ಇತ್ತಂತೆ. ಹೈದರಾಬಾದಿಗೆ ಬಂದ ಮೇಲೆ ಈ ಬಾಲ್ಕನಿಯೇ ಆ ಕೋಣೆಯಾಯಿತು.

ಅವ್ವ ಕಲ್ಲುಮನಸ್ಸಿನವಳಲ್ಲ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಹಣೆಯ ಮೇಲಿಂದ ಕೈ ತೆಗೆಯದೆ ಕೂತಿರುತ್ತಿದ್ದಳು. ಆ ಕೈ ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಕಷ್ಟವೆಲ್ಲ ಅದರಿಂದಲೇ. ಮೊದಲ ದಿನ ಕಿಬ್ಬೊಟ್ಟೆಯೊಳಗೆ ಒದ್ದೆ ಬಟ್ಟೆಯನ್ನು ಹಿಂಡುವಂತೆ ಶುರುವಾದ ನೋವು ಸೊಂಟಕ್ಕೆ ಹಬ್ಬಿ ತೊಡೆಗೆ ಇಳಿಯುವ ಹೊತ್ತಿಗೆ, ಅವಳು ಬಾಗಿಲ ಆಚೆ ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿರುತ್ತಿದ್ದಳು. ಅವಳ ಬಳೆಯ ಸದ್ದು ಕೇಳುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ: ಅವಳು ಎದ್ದು ಬಂದು ನೋಯುವ ಜಾಗದ ಮೇಲೆ ಕೈ ಇಡಬೇಕು. ಅದನ್ನು ಕೇಳುವಂತಿರಲಿಲ್ಲ. ನನ್ನನ್ನು ಮುಟ್ಟಿದರೆ ಅವಳಿಗೂ ಮೈಲಿಗೆ; ಅಡುಗೆ, ದೇವರ ಪೂಜೆ ಎಲ್ಲ ಅಲ್ಲಿಗೇ ನಿಂತುಬಿಡುತ್ತದೆ.

ಹತ್ತನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಮನಸ್ಸಿನ ಮಾತು ಅದರಲ್ಲಿ ಕಡಿಮೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾವ ಪುಸ್ತಕದ ಎಷ್ಟು ಪುಟ ಮುಗಿಯಿತು, ಕ್ವಾರ್ಟರ್ಸಿನ ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ, ಇಂಥವೇ. ನೋವಿಗೂ ಗೆರೆ ಹಾಕುತ್ತಿದ್ದೆ. ಸಹಿಸಬಹುದಾದರೆ ಒಂದು ಗೆರೆ, ಮಲಗಿದರೆ ಎರಡು, ಏಳಲಾಗದೆ ವಾಂತಿಯಾದರೆ ಮೂರು. ಅಪ್ಪ ಒಮ್ಮೆ ಆ ಗೆರೆಗಳನ್ನು ನೋಡಿ, ಇದೇನು ಹಾಲಿನವನ ಲೆಕ್ಕವೇ ಎಂದು ಕೇಳಿದ್ದರು. ಹೌದು ಎಂದೆ. ಮನೆಯಲ್ಲಿ ನೋವಿನ ವಿಷಯ ಮುಚ್ಚುಮರೆಯದೇನೂ ಆಗಿರಲಿಲ್ಲ. ಆದರೆ ಅದು ಯಾರಿಗೂ ದೊಡ್ಡ ವಿಷಯವಾಗಿ ಕಾಣುತ್ತಿರಲಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ಇರುತ್ತದೆ, ಮದುವೆಯಾದರೆ, ಒಂದು ಹೆತ್ತರೆ ಹೋಗುತ್ತದೆ ಎಂದು ಅವ್ವ ಅನ್ನುತ್ತಿದ್ದಳು. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ನಾರಾಯಣಗೂಡದ ಕಾಲೇಜಿನಲ್ಲಿ ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ ಪರೀಕ್ಷೆಯ ಹಾಲಿನಲ್ಲಿ ಬವಳಿ ಬಂದು ಬಿದ್ದೆ. ಆಗ ಅವ್ವ ಮನೆದೇವತೆಗೆ ಹರಕೆ ಹೊತ್ತಳು: ಮಗಳು ಪ್ರತಿ ವರ್ಷ ಶ್ರಾವಣದ ಎಲ್ಲ ಶುಕ್ರವಾರ ತನ್ನ ಕೈಯಾರೆ ಪೂಜೆ ಮಾಡುತ್ತಾಳೆ, ದಸರೆಯಲ್ಲಿ ಘಟ ಹಾಕಿದಾಗ ಒಂಬತ್ತು ದಿನವೂ ನಂದಾದೀಪಕ್ಕೆ ಎಣ್ಣೆ ಎರೆಯುತ್ತಾಳೆ. ಹರಕೆ ಸುಲಭ. ಆದರೆ ನಡುವೆ ಹೊರಗಾದರೆ ಏನು ಮಾಡುವುದು? ಎರಡೇ ಕೋಣೆಯ ಮನೆ, ಆರಬಾರದ ದೀಪ. ಅದಕ್ಕೆ ಎಲ್ಲರ ಮನೆಯಲ್ಲೂ ಇದ್ದ ಉಪಾಯ ನಮ್ಮಲ್ಲೂ ಇತ್ತು. ಮದುವೆ, ಗೃಹಪ್ರವೇಶ, ಯಾತ್ರೆ ಬಂದರೆ ಹೆಂಗಸರು ಔಷಧಿ ಅಂಗಡಿಯಿಂದ ಮುಂದೂಡುವ ಗುಳಿಗೆ ತರಿಸಿ ನುಂಗುತ್ತಿದ್ದರು. ಅಂಗಡಿಯವನು ಏನನ್ನೂ ಕೇಳದೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಅವ್ವ ನನಗೂ ಅದನ್ನು ಕೊಟ್ಟಳು. ಶ್ರಾವಣ ಹಿಡಿದು ದಸರೆಯವರೆಗೆ, ನಡುವೆ ಒಮ್ಮೆ ಬಿಟ್ಟು, ಮತ್ತೆ ನುಂಗಿಸಿದಳು.

ಆ ಶ್ರಾವಣದಲ್ಲಿ ನೋವಿರಲಿಲ್ಲ. ಭಾದ್ರಪದದಲ್ಲಿ ಗುಳಿಗೆ ಬಿಟ್ಟಾಗ ಬಂದದ್ದೂ ಹಗುರವಾಗಿತ್ತು, ಪುಟದಲ್ಲಿ ಒಂದೇ ಗೆರೆ. ತಿಂಗಳ ಉಳಿದ ದಿನಗಳಲ್ಲಿ ಕೂತೆದ್ದರೆ, ಶೌಚಕ್ಕೆ ಹೋದರೆ ಒಳಗಿನಿಂದ ಎಳೆಯುತ್ತಿದ್ದದ್ದೂ ಹೋಯಿತು. ಅವ್ವ ದಿನಾಲೂ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಒಂದೇ ಹಾಸಿಗೆಯಲ್ಲಿ ಮಲಗಿದೆವು. ನಿದ್ದೆಯಲ್ಲಿ ಅವಳ ಕೈ ನನ್ನ ಮೈಮೇಲೆ ಬಿದ್ದಿರುತ್ತಿತ್ತು. ಆಗ ನನಗೆ ಎಲ್ಲೂ ನೋಯುತ್ತಿರಲಿಲ್ಲ. ಆ ಕೈಯನ್ನು ಹಾಗೆಯೇ ಕಾರ್ತಿಕಕ್ಕೆ, ಮಾರ್ಗಶಿರಕ್ಕೆ ಎತ್ತಿಡಲು ಬರುವಂತಿದ್ದರೆ ಎಂದು ಅನ್ನಿಸುತ್ತಿತ್ತು.

ದೇವಿ ಕಣ್ಣು ತೆರೆದಳು ಎಂದು ಅವ್ವ ನಂಬಿದಳು. ನಾನೂ ಅರ್ಧ ನಂಬಿದೆ. ಪೂಜೆ ಮಾಡಿದ ತಿಂಗಳಲ್ಲಿ ನೋವಿಲ್ಲ, ಮಾಡದ ತಿಂಗಳಲ್ಲಿ ಇದೆ. ಲೆಕ್ಕ ಇಡುವವಳಿಗೆ ಇದಕ್ಕಿಂತ ಏನು ಬೇಕು? ಗುಳಿಗೆಯನ್ನು ನಾವಿಬ್ಬರೂ ಎಣಿಕೆಗೇ ಹಿಡಿಯಲಿಲ್ಲ. ಪೂಜೆಗೆ ಮೊದಲು ಸ್ನಾನ ಮಾಡುವ ಹಾಗೆ ಅದೂ ಒಂದು ಸಿದ್ಧತೆ, ಅಷ್ಟೇ. ಹೀಗಾಗಿ ಬೇರೆ ಹುಡುಗಿಯರು ಬೇಸಿಗೆ ರಜೆಗೆ ಕಾಯುವಂತೆ ನಾನು ವರ್ಷವಿಡೀ ಶ್ರಾವಣಕ್ಕೆ ಕಾಯತೊಡಗಿದೆ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ಅದು ಯಾವ ಹಾಳೆಯಲ್ಲಿದೆ ಎಂದು ನೋಡುತ್ತಿದ್ದೆ. ಅಧಿಕ ಮಾಸ ಬಂದ ವರ್ಷ ಅದು ದೂರ ಸರಿದದ್ದು ಕಂಡು ಕಣ್ಣಲ್ಲಿ ನೀರು ಬಂತು.

ದಸರೆ ಮುಗಿದು ನೋವು ತಿರುಗಿ ಬಂದಾಗ ಅವ್ವ ಬೇರೆಯೇ ಕಾರಣ ಹುಡುಕಿದಳು. ಎಲ್ಲೋ ನೇಮ ತಪ್ಪಿದೆ ಎಂದಳು. ನಾನು ಬಸ್ಸಿನಲ್ಲಿ ಯಾರ್ಯಾರನ್ನೋ ಮುಟ್ಟಿ ಬರುತ್ತೇನೆ, ಹೊರಗಾದಾಗ ಅಡುಗೆಮನೆಯ ಪರದೆ ತಾಗಿಸಿದ್ದೇನೆ. ಅಂದಿನಿಂದ ಚಾಪೆ ಬಾಗಿಲಿನಿಂದ ಇನ್ನಷ್ಟು ದೂರ ಸರಿದು ಬಾಲ್ಕನಿಯ ಕಟ್ಟೆಗೆ ತಾಗಿತು. ಬಳೆಯ ಸದ್ದೂ ಸರಿಯಾಗಿ ಕೇಳದಾಯಿತು.

ಡಿಗ್ರಿ ಮುಗಿಯುವ ಹೊತ್ತಿಗೆ ಹೈದರಾಬಾದಿನಲ್ಲಿ ಗೋಡೆಗೊಂದು ಕಂಪ್ಯೂಟರ್ ಕೋರ್ಸಿನ ಬೋರ್ಡು. ನಾನು ಕಲಿತು ಕೆಲಸಕ್ಕೆ ಸೇರಿದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಟೇಪಿಗೆ ಮಾತಾಡುತ್ತಾರೆ. ಆ ದನಿ ತಂತಿಯಲ್ಲಿ ಇಲ್ಲಿಗೆ ಬರುತ್ತದೆ. ನಾವು ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಿನ ಪೆಡಲ್ ಒತ್ತಿ ನಿಲ್ಲಿಸುತ್ತ, ಬಿಡುತ್ತ ಟೈಪ್ ಮಾಡುತ್ತೇವೆ. ಕೇಳಿಸದ ಪದವನ್ನು ಊಹಿಸಿ ಬರೆಯುವಂತಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟು ಮುಂದೆ ಹೋಗಬೇಕು, ಹಿರಿಯರು ಆಮೇಲೆ ತುಂಬುತ್ತಾರೆ. ನನ್ನ ಖಾಲಿಗಳನ್ನು ತುಂಬುತ್ತಿದ್ದವಳು ಬೀದರಿನ ಕಡೆಯ ಒಬ್ಬ ಅಕ್ಕ. ತಾರ್ನಾಕದಲ್ಲಿ ಮನೆ, ಬಾಯಿ ಜೋರು, ಪದಗಳಲ್ಲಿ ಪಳಗಿದವಳು.

ಒಂದು ದಿನ ಒಬ್ಬ ಮುದಿ ಡಾಕ್ಟರು ತನ್ನ ರೋಗಿಯ ಬಗ್ಗೆ ನಿಧಾನವಾಗಿ ಹೇಳುತ್ತಿದ್ದರು. ಮೂವತ್ತು ದಾಟಿದ ಹೆಂಗಸು. ಮೊದಲ ಸ್ರಾವದಿಂದಲೂ ನೋವು. ತೊಡೆಗೆ ಇಳಿಯುತ್ತದೆ. ಶೌಚಕ್ಕೆ ಹೋಗುವಾಗ ಹೆಚ್ಚು. ವಾಂತಿ. ಹಲವರಿಗೆ ತೋರಿಸಿದ್ದಾಳೆ, ಎಲ್ಲರೂ ಸಹಜವೆಂದು ಹೇಳಿ ಕಳಿಸಿದ್ದಾರೆ. ನನ್ನ ಬೆರಳು ನಿಂತಿತು. ಪೆಡಲ್ ಹಿಂದಕ್ಕೆ ಒತ್ತಿ ಮತ್ತೆ ಕೇಳಿದೆ. ಎಂದೂ ನೋಡದ ಊರಿನ, ಎಂದೂ ನೋಡದ ಹೆಂಗಸಿನ ಮೈಯಲ್ಲಿ ನನ್ನ ಬಾಲ್ಕನಿ ಇತ್ತು. ಕೊನೆಗೆ ಡಾಕ್ಟರು ರೋಗದ ಹೆಸರು ಹೇಳಿದರು. ಉದ್ದದ ಹೆಸರು, ನನಗೆ ಹಿಡಿಯಲಾಗಲಿಲ್ಲ. ಜಾಗ ಬಿಟ್ಟು ಕಳಿಸಿದೆ.

ಅಕ್ಕ ಕುರ್ಚಿ ತಿರುಗಿಸಿಕೊಂಡು ಬಂದಳು. "ಏನ್ ತಂಗಿ, ಹೆಂಗಸರ ರೋಗ ಬಂದ್ರ ನಿನ್ನ ಕಿವಿ ಮುಚ್ಚತಾವೇನ? ಅಜ್ಜ ಇಷ್ಟು ಸಾವಕಾಶ ಹೇಳ್ಯಾನ. ಎಂಡೊಮೆಟ್ರಿಯೋಸಿಸ್."

ಆ ಹೆಸರನ್ನು ದಪ್ಪ ವೈದ್ಯಕೀಯ ನಿಘಂಟಿನಲ್ಲಿ ಹುಡುಕಿದೆ. ಗರ್ಭಕೋಶದ ಒಳಪದರದಂಥದೇ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ ಬೆಳೆಯುವುದು. ತಿಂಗಳಿಗೊಮ್ಮೆ ಒಳಗಿನ ಪದರ ಬಾತು ಒಡೆಯುವಂತೆ ಹೊರಗಿನದೂ ಒಡೆಯುತ್ತದೆ. ಆದರೆ ಅದರ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅಲ್ಲೇ ನಿಂತು ಉರಿಯುತ್ತದೆ, ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆ ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು, ಇದನ್ನು ಅವ್ವನಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಯೋಚಿಸಿದೆ. ಹೆಸರಿದ್ದ ನೋವಾದರೆ ಅದು ರೋಗ. ರೋಗಿಯ ಹತ್ತಿರ ತಾಯಿ ಬರುತ್ತಾಳೆ. ನನ್ನ ಆಸೆ ಅಷ್ಟೇ ಆಗಿತ್ತು. ಮನೆಗೆ ಬಂದು ಹೇಳಿದೆ. ಅವ್ವ ಪೂರ್ತಿ ಕೇಳಿ, ಕಂಡವರ ರೋಗ ಬರೆದು ಬರೆದು ನಿನಗೆಲ್ಲ ಬಂದಂತೆ ಅನ್ನಿಸುತ್ತದೆ, ನಾಳೆ ಹೃದಯದ್ದು ಬರೆದರೆ ಎದೆ ಹಿಡಿದುಕೊಂಡು ಬರುತ್ತೀ ಎಂದಳು. ಅಪ್ಪ ನಕ್ಕರು. ನನಗೂ ನಗು ಬಂತು, ಅದು ಬೇರೆ ಮಾತು.

ಆಫೀಸಿನಲ್ಲೂ ಒಮ್ಮೆ ಹಾಗೆಯೇ ಬಿದ್ದಾಗ ಬೀದರಿನ ಅಕ್ಕನೇ ತಾರ್ನಾಕದ ಒಬ್ಬ ಡಾಕ್ಟರಮ್ಮನ ಹತ್ತಿರ ದಿನ ಗೊತ್ತು ಮಾಡಿದಳು. ಅವ್ವ ನನ್ನ ಜೊತೆ ಹೊರಟಳು. ಮದುವೆಯಾಗದ ಹುಡುಗಿ ಒಬ್ಬಳೇ ಹೆಂಗಸರ ಡಾಕ್ಟರ ಹತ್ತಿರ ಹೋದರೆ ಕ್ವಾರ್ಟರ್ಸಿನವರು ಏನಂದಾರು ಎಂಬುದು ಅವಳ ಚಿಂತೆ.

ಡಾಕ್ಟರಮ್ಮ ತೆಲುಗಿನವರು. ರಾಯಚೂರಿನ ಅವ್ವನಿಗೆ ತೆಲುಗು ಹೊಸದಲ್ಲ, ಆದರೆ ಗಾಬರಿಯಾದರೆ ಅವಳು ಕನ್ನಡಕ್ಕೇ ಬಂದುಬಿಡುತ್ತಾಳೆ. ಡಾಕ್ಟರಮ್ಮನಿಗೂ ಅದು ಅರ್ಥವಾಗುತ್ತಿತ್ತು. ಸ್ಕ್ಯಾನ್ ನೋಡಿ ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು ಇದೆ ಎಂದರು. ಖಚಿತವಾಗಿ ಹೇಳಬೇಕಾದರೆ ಸಣ್ಣ ರಂಧ್ರದಿಂದ ದುರ್ಬೀನು ಹಾಕಿ ನೋಡಬೇಕು. ಆದರೆ ಲಕ್ಷಣಗಳೆಲ್ಲ ಆ ರೋಗದವೇ. ನಾನು ನಿಘಂಟಿನಲ್ಲಿ ಓದಿದ ಹೆಸರನ್ನೇ ಹೇಳಿದರು. ಅವ್ವ ನನ್ನ ಕಡೆ ತಿರುಗಿ ನೋಡಿದಳು.

ವರ್ಷದಲ್ಲಿ ನೋವಿಲ್ಲದ ತಿಂಗಳು ಯಾವುದಾದರೂ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಮ್ಮೆಯಿಂದ ಹೇಳಿದಳು: "ಐತಲ್ರಿ. ಶ್ರಾವಣದಾಗ ನೋವ ಇರಂಗಿಲ್ಲ. ದೇವಿ ಸೇವಾ ಮಾಡ್ತಾಳ್ರಿ ಆಕಿ."

ಪೂಜೆಯ ನಡುವೆ ತಿಂಗಳದ್ದು ಬಂದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಬರದಂತೆ ಗುಳಿಗೆ ಕೊಡುತ್ತೇವೆ ಎಂದಳು ಅವ್ವ, ಇದನ್ನೂ ಕೇಳಬೇಕೇ ಎಂಬಂತೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗುಳಿಗೆಯ ಹೆಸರು ಕೇಳಿದರು, ನಾನು ಹೇಳಿದೆ. ಎಷ್ಟು ವಾರ ನುಂಗಿದೆ ಎಂದು ಕೇಳಿದರು, ಅದನ್ನೂ ಹೇಳಿದೆ. ಮೊದಲು ಬೈದರು. ಯಾರನ್ನೂ ಕೇಳದೆ, ಯಾವ ಪರೀಕ್ಷೆಯೂ ಇಲ್ಲದೆ ಇಂಥ ಔಷಧಿಯನ್ನು ಅಷ್ಟು ದಿನ ಕೊಡಬಾರದು ಎಂದರು. ಆಮೇಲೆ ದನಿ ಇಳಿಸಿ, ತಾವು ಈಗ ಬರೆದುಕೊಡಬೇಕೆಂದಿದ್ದದ್ದೂ ಅದೇ ಬಗೆಯ ಹಾರ್ಮೋನು ಎಂದರು. ಅದು ಪದರವನ್ನು ಬೆಳೆಯಗೊಡುವುದಿಲ್ಲ, ಒಡೆಯಗೊಡುವುದಿಲ್ಲ, ಒಳಗಿನದನ್ನೂ ಹೊರಗಿನದನ್ನೂ. ಅದು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಮಲಗಿಸಿಡುತ್ತದೆ. ಎಲ್ಲರಿಗೂ ಒಂದೇ ರೀತಿ ಹಿಡಿಸುವುದೂ ಇಲ್ಲ. ನನಗೆ ಹಿಡಿಸಿತ್ತು.

ನನಗೆ ಆ ಕ್ಷಣ ಸಂತೋಷವಾಗಬೇಕಿತ್ತು. ನಾನು ಅವ್ವನ ಮುಖ ನೋಡುತ್ತಿದ್ದೆ. ಅಷ್ಟು ವರ್ಷ ಶುಕ್ರವಾರ ಶುಕ್ರವಾರ ಉಪವಾಸವಿದ್ದ ಮುಖ.

"ಹಂಗಾರ ದೇವಿ ಏನೂ ಮಾಡ್ಲಿಲ್ಲೇನ್ರಿ?"

ಡಾಕ್ಟರಮ್ಮ ತಮ್ಮ ಹಣೆಯ ಕುಂಕುಮವನ್ನು ಬೆರಳಿನಿಂದ ಸರಿಪಡಿಸಿಕೊಂಡರು. ಅದು ನನಗೆ ಗೊತ್ತಿಲ್ಲಮ್ಮಾ, ಗುಳಿಗೆ ಏನು ಮಾಡಿತೆಂಬುದಷ್ಟೇ ಗೊತ್ತು ಎಂದರು.

ಅವ್ವ, ಹಾಗಾದರೆ ಇದು ಯಾಕೆ ಬರುತ್ತದೆ ಎಂದು ಕೇಳಿದಳು. ಅವಳಲ್ಲಿ ಕಾರಣಗಳು ಸಿದ್ಧವಾಗಿದ್ದವು: ಇಡೀ ದಿನ ಕಂಪ್ಯೂಟರ್ ಮುಂದೆ ಕೂಡುವುದು, ಬಸ್ಸಿನ ಕುಲುಕಾಟ, ಖಾರ, ಚಳಿಗಾಲದಲ್ಲಿ ಬಾಲ್ಕನಿಯ ತಣ್ಣನೆ ನೆಲ, ಸರಿಯಾದ ವಯಸ್ಸಿಗೆ ಮದುವೆ ಮಾಡದೆ ಇದ್ದದ್ದು. ಡಾಕ್ಟರಮ್ಮ ಒಂದೊಂದಕ್ಕೂ ತಲೆ ಅಲ್ಲಾಡಿಸಿ ಇಲ್ಲ ಎಂದರು. ಹೆರಿಗೆಯಾದರೆ ಹೋಗುತ್ತದೆ ಎಂಬುದೂ ನಂಬುವ ಮಾತಲ್ಲ ಎಂದರು. ನಿಜವಾದ ಕಾರಣ ಇನ್ನೂ ಪೂರ್ತಿ ಯಾರಿಗೂ ತಿಳಿದಿಲ್ಲ. ಸ್ರಾವದ ಸ್ವಲ್ಪ ಭಾಗ ಗರ್ಭನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅಲ್ಲಿ ಬೇರೂರುತ್ತದೆ ಎಂಬುದು ಒಂದು ಹಳೆಯ ವಿವರಣೆ. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಬಹಳ ಹೆಂಗಸರಲ್ಲಿ ಉಂಟು, ಎಲ್ಲರಿಗೂ ಈ ರೋಗ ಬರುವುದಿಲ್ಲ. ಕೆಲವರ ಮೈ ಅದನ್ನು ಗುಡಿಸಿ ಹಾಕುತ್ತದೆ, ಕೆಲವರದು ಬಿಟ್ಟುಬಿಡುತ್ತದೆ, ಯಾಕೆಂದು ಹುಡುಕುತ್ತಿದ್ದಾರೆ. ಹೊಟ್ಟೆಯೊಳಗಿನ ಜೀವಕೋಶಗಳೇ ಆ ಪದರವಾಗಿ ಬದಲಾಗಬಹುದು ಎನ್ನುವವರೂ ಇದ್ದಾರೆ. ಇನ್ನೊಂದು, ಇದು ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುತ್ತದೆ. ಇಷ್ಟು ಹೇಳಿ, ನಿಮಗೂ ನೋವಿರುತ್ತಿತ್ತೇ ಎಂದು ಅವ್ವನನ್ನು ಕೇಳಿದರು.

ಅವ್ವ ಸೆರಗು ಸರಿ ಮಾಡಿಕೊಂಡು, ಅಂಥದ್ದೇನೂ ಇರಲಿಲ್ಲ ಎಂದಳು.

ತಾರ್ನಾಕದಿಂದ ನಮ್ಮ ಮನೆಗೆ ಊರನ್ನು ಇಡಿಯಾಗಿ ದಾಟಬೇಕು. ಅಮೀರ್‌ಪೇಟೆಯಲ್ಲಿ ಬಸ್ಸು ಬದಲಿಸಿದಾಗ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕುಕಟ್‌ಪಲ್ಲಿ ಬಂದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಶುರು ಮಾಡಿದಳು.

"ನನಗೂ ಇತ್ತು. ನಿನ್ನಷ್ಟ ಇತ್ತು. ನೀ ಹುಟ್ಟಿದ ಮ್ಯಾಲೂ ಹೋಗ್ಲಿಲ್ಲ. ಎರಡನೇದು ನಿಲ್ಲಲೇ ಇಲ್ಲ, ಅದಕ್ಕ ಏನೇನು ಅಂದ್ರು ಎಲ್ಲಾರೂ. ತವರ ಮನ್ಯಾಗೂ, ಆಮ್ಯಾಲ ಗಂಡನ ಮನ್ಯಾಗೂ ಹಿತ್ತಲ ಕೋಣ್ಯಾಗ ಗ್ವಾಡಿಗೆ ಬೆನ್ನು ಹಚ್ಚಿ ಸೆರಗು ಕಚ್ಚಿಕೊಂಡು ಕೂಡ್ತಿದ್ದೆ."

"ಯಾರಾದ್ರೂ ಬಂದು ನೋಡ್ತಿದ್ರೇನವ್ವಾ?"

"ಯಾರು ಬರ್ತಾರ?"

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ತೋರಿಸಿದೆ. ಅವನು ಹಿಂದಕ್ಕೆ ಹೋದ ಮೇಲೆ ಅವಳು ಇನ್ನಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ನನ್ನಿಂದ ನಿನಗ ಬಂದೈತಿ ಅಂದಂಗಾತಲ್ಲ."

ಡಾಕ್ಟರಮ್ಮ ಹಾಗೆ ಹೇಳಲಿಲ್ಲ, ಮನೆತನದಲ್ಲಿ ಕಾಣುವುದು ಬೇರೆ, ಕೊಡುವುದು ಬೇರೆ, ನಿನ್ನ ಮೂಗು ನನಗೆ ಬಂದ ಹಾಗೆ ಇದೂ ಬಂದಿರಬಹುದು ಎಂದೆ. ಅವಳು ತನ್ನ ಮೂಗನ್ನು ಮುಟ್ಟಿಕೊಂಡಳು. ನಾನು ಅವಳ ತೋಳಿಗೆ ಒರಗಿ ಕೂತೆ. ಅವಳು ಹದಿನಾರು ಹದಿನೇಳರ ಹುಡುಗಿಯಾಗಿ ತವರಿನ ಹಿತ್ತಿಲ ಕೋಣೆಯಲ್ಲಿ ಕೂತಿದ್ದದ್ದು ಕಣ್ಣಿಗೆ ಕಟ್ಟಿತು. ಅಲ್ಲಿಗೆ ಹೋಗಿ ಬಾಗಿಲು ತಳ್ಳಿ ಪಕ್ಕದಲ್ಲಿ ಕೂಡಬೇಕೆನ್ನಿಸಿತು. ನನಗೆ ಬೇಕಾದದ್ದು ಅವಳಿಗೂ ಬೇಕಾಗಿತ್ತು. ಅವಳ ಅವ್ವನೂ ಬಾಗಿಲ ಆಚೆಯೇ ಇದ್ದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಸರಿಯಾದ ಅಳತೆಯಲ್ಲಿ ಗುಳಿಗೆ ಶುರು ಮಾಡಿದರು. ಒಂದು ದಿನವೂ ನಾಗಾ ಇಲ್ಲದೆ ನುಂಗಬೇಕು, ಕೆಲವು ತಿಂಗಳ ನಂತರ ಗಂಟನ್ನು ಮತ್ತೆ ನೋಡಿ ಆಪರೇಷನ್ ಬೇಕೋ ಬೇಡವೋ ಹೇಳುತ್ತೇನೆ ಎಂದರು. ನಡುವೆ ಒಮ್ಮೊಮ್ಮೆ ಹೇಳದೆ ಕೇಳದೆ ಸ್ರಾವ ಕಾಣಿಸಬಹುದು, ನೋವೂ ಬರಬಹುದು, ಹೆದರಿ ನೀವೇ ಗುಳಿಗೆ ಹೆಚ್ಚಿಸಬೇಡಿ ಎಂದು ಅವ್ವನಿಗೆ ಎರಡು ಸಲ ಎಚ್ಚರಿಸಿದರು. ಬೇಸಿಗೆ ಹೋಗಿ ಶ್ರಾವಣ ಬಂತು. ಆ ಸಲ ನಾನು ಅದಕ್ಕೆ ಕಾದಿರಲಿಲ್ಲ. ಅವ್ವ ಪೂಜೆ ಮಾಡಿದಳು, ಆದರೆ ಆರತಿ ಎತ್ತುವಾಗ ಮೊದಲಿನಂತೆ ನನ್ನ ಕಡೆ ನೋಡಿ ನಗಲಿಲ್ಲ. ದೇವಿಯ ಜೊತೆ ಅವಳಿಗೆ ಏನೋ ಬಗೆಹರಿಯದೆ ಉಳಿದಿತ್ತು.

ದಸರೆಗೆ ಘಟ ಹಾಕಿದೆವು. ಮಣ್ಣಿನಲ್ಲಿ ಬಿತ್ತಿದ ಧಾನ್ಯ ಮೊಳಕೆಯೊಡೆದು ಹಳದಿಯಾಗಿ ಮೇಲೆ ಬಂದಿತ್ತು. ಐದನೆಯ ದಿನ ಬೆಳಿಗ್ಗೆ ನಾನು ದೀಪಕ್ಕೆ ಎಣ್ಣೆ ಎರೆಯಲು ಹೊರಟಾಗ ಸೊಂಟದಲ್ಲಿ ಪರಿಚಯದ ಎಳೆತ ಬಂತು. ಬಚ್ಚಲಿಗೆ ಹೋಗಿ ನೋಡಿದೆ. ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಹೋಳಿಗೆಯ ಕಣಕ ನಾದುತ್ತಿದ್ದಳು. ಮೊದಲಾದರೆ, ನಿನ್ನೆ ಗುಳಿಗೆ ನುಂಗಿದೆಯೋ ಇಲ್ಲವೋ, ಈಗ ಇನ್ನೊಂದು ನುಂಗು ಎನ್ನುತ್ತಿದ್ದಳು. ನಾನು ಅದನ್ನೇ ಕಾಯುತ್ತ ನಿಂತೆ. ಅವಳು ಕಣಕದಿಂದ ಕೈ ತೆಗೆಯಲಿಲ್ಲ. ನಾನು ಚಾಪೆ ತೆಗೆದುಕೊಂಡು ಬಾಲ್ಕನಿಗೆ ಹೋದೆ.

ಮಲಗಿದ ಸ್ವಲ್ಪ ಹೊತ್ತಿಗೆ ನೋವು ಪೂರ್ತಿ ಹಿಡಿಯಿತು. ಮೊಣಕಾಲು ಎದೆಗೆ ಎಳೆದುಕೊಂಡು ಕಟ್ಟೆಯ ಕಡೆ ಮುಖ ಮಾಡಿದ್ದೆ. ಒಳಗೆ ಅವ್ವ ಅಪ್ಪನಿಗೆ ಏನೋ ಹೇಳಿದ್ದು, ಅಪ್ಪ ತಾವು ಮತ್ತೆ ಜಳಕ ಮಾಡಬೇಕೇ ಎಂದು ಗೊಣಗಿದ್ದು, ಬಚ್ಚಲಲ್ಲಿ ನೀರು ಬಿದ್ದದ್ದು ಕೇಳಿತು. ಆಮೇಲೆ ಬಳೆಯ ಸದ್ದು ಹತ್ತಿರ ಬಂತು, ಹೊಸ್ತಿಲಲ್ಲಿ ನಿಂತಿತು. ಅಲ್ಲಿಂದಲೂ ಮುಂದೆ ಬಂತು. ಚಾಪೆಯ ಅಂಚು ಅವಳ ಭಾರಕ್ಕೆ ಕೆಳಗೆ ಒತ್ತಿದ್ದು ನನಗೆ ಬೆನ್ನಿನಿಂದ ತಿಳಿಯಿತು.

"ಅವ್ವಾ, ಘಟ ಐತಿ ಮನ್ಯಾಗ" ಎಂದೆ.

"ಇರ್ಲಿ. ನಿಮ್ಮಪ್ಪ ಅದಾರ ಅದಕ್ಕ." ಅವಳು ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿದಳು. ಕೈ ತಣ್ಣಗಿತ್ತು, ಬೆರಳ ಸಂದಿಯಲ್ಲಿ ಕಣಕ ಅಂಟಿತ್ತು. "ಎಲ್ಲಿ?"

ಆ ಪ್ರಶ್ನೆಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ನಾನು ಅವಳ ಕೈ ತೆಗೆದುಕೊಂಡು ಎಡಗಡೆ ಕಿಬ್ಬೊಟ್ಟೆಯ ಮೇಲೆ ಇಟ್ಟೆ. ನೋವು ಕಡಿಮೆಯಾಗಲಿಲ್ಲ. ಅದು ಬರುವಷ್ಟು ಬಂತು, ಹಿಂಡುವಷ್ಟು ಹಿಂಡಿತು. ಅವಳು ಕೈ ಸರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಅಂದಾಜು ಮಾಡಿ ಅಂಗೈಯನ್ನು ಒಂದಿಷ್ಟು ಕೆಳಗೆ, ಸರಿಯಾದ ಜಾಗಕ್ಕೆ ಒಯ್ದಳು. ಅದು ಅವಳಿಗೂ ಗೊತ್ತಿದ್ದ ಜಾಗ.

ಒಳಗಿನಿಂದ ಅಪ್ಪ, ದೀಪಕ್ಕೆ ಎಣ್ಣೆ ಎಷ್ಟು ಹಾಕಬೇಕು, ನೀನೇ ಒಮ್ಮೆ ಬಂದು ನೋಡಬಾರದೇ ಎಂದು ಅವ್ವನನ್ನು ಕೇಳಿದರು.

"ಬತ್ತಿ ಮುಳುಗಬಾರ್ದು, ಅಷ್ಟ ಹಾಕ್ರಿ" ಎಂದಳು ಅವ್ವ. "ನಾ ಈಗ ಒಳಗ ಬರಂಗಿಲ್ಲ."